ಮೋರಿಗೆ ನಾಲ್ಕು ಕೊಡಪಾನ

ಶುದ್ಧಿಯೇ ಮನುಷ್ಯನ ಪರಮ ಧರ್ಮ. ಅದರಿಂದ ನೊಣಗಳಿಗೂ ಬಹಳ ಅನುಕೂಲವಿದೆ.

ಐವತ್ತರ ದಶಕದಲ್ಲಿ ನಾನು ಉಣ್ಣುತ್ತಿದ್ದ ಬಂಟ್ವಾಳದ ಹೋಟೆಲಿನ ಧಣಿಗಳು ಪ್ರತಿ ಪಂಕ್ತಿ ಎದ್ದ ಮೇಲೂ ಪಂಚೆ ಎತ್ತಿ ಕಟ್ಟಿ, ಕೈ ತೊಳೆಯುವ ಮೋರಿಗೆ ತಾವೇ ನಾಲ್ಕು ಕೊಡಪಾನ ನೀರು ಸುರಿಯುತ್ತಿದ್ದರು. "ನೀರು ಬಿದ್ದರೆ ಎಲ್ಲ ಶುದ್ಧ" ಎನ್ನುತ್ತಿದ್ದರು. ಮೋರಿಯಲ್ಲಿದ್ದ ಎಳ್ಳುಗಾತ್ರದ, ರೋಮದ ರೆಕ್ಕೆಯ ನೊಣಗಳು ಒದ್ದೆಯಾಗದೆ ಎದ್ದು, ಮತ್ತೆ ಅಲ್ಲೇ ಕೂರುತ್ತಿದ್ದವು.

ಎಂಟು ದಿನದೊಳಗೆ ನೊಣ ಹೋಗದಿದ್ದರೆ ಲೈಸೆನ್ಸು ರದ್ದೆಂದು ಆರೋಗ್ಯ ಇನ್ಸ್‌ಪೆಕ್ಟರು ಹೇಳಿ ಹೋದರು.

"ನೀರು ನಿಲ್ಲಿಸುವ, ಧಣಿಗಳೇ," ಎಂದಳು ಪಾತ್ರೆ ತೊಳೆಯುವ ಹೆಂಗಸು. "ಮೋರಿಯ ಲೋಳೆ ಕೆರೆದು ಒಣಗಲು ಬಿಡುವ. ನೊಣದ ಹುಳ ಇರುವುದು ಆ ಲೋಳೆಯಲ್ಲೇ."

"ಎಂಜಲು ಒಣಗಿಸಿ ಇಡುವುದಾ? ನಿನಗೆ ತಲೆ ಸಮ ಉಂಟಾ ಮಾರಾಯ್ತಿ?" ಎಂದ ಧಣಿಗಳು ಇನ್ನೆರಡು ಕೊಡಪಾನ ಹೆಚ್ಚಿಸಿದರು.

ಒಂಬತ್ತನೆಯ ದಿನ ಹೋಟೆಲಿಗೆ ಬೀಗ ಬಿತ್ತು. ಧಣಿಗಳು ಅದರ ಎದುರಿನ ಕಟ್ಟೆಯಲ್ಲಿ ದಿನವಿಡೀ ಕೂತಿರುತ್ತಿದ್ದರು. ನೀರು ಕಾಣದ ಮೋರಿ ಒಣಗಿತು. ತಿಂಗಳೊಳಗೆ ನೊಣ ಒಂದೂ ಉಳಿಯಲಿಲ್ಲ.