ಸ್ಪೀಕರಿನಲ್ಲಿತ್ತು, ಕ್ಯಾಸೆಟ್ಟಿನಲ್ಲಿರಲಿಲ್ಲ

ಬೆಳಗಿನ ಐದು ಗಂಟೆ. ನಿಟ್ಟುವಳ್ಳಿಯ ಓಣಿಯಲ್ಲಿ ಆಟೊಗಳಿನ್ನೂ ಗುರ್ ಎಂದಿಲ್ಲ. ಮಾಲತೇಶಪ್ಪ ಕಿಟಕಿಗೆ ಕಂಬಳಿ ಇಳಿಬಿಟ್ಟು, ಒಂದು ಲೋಟ ಬಿಸಿನೀರು ಕುಡಿದು, ಕಂಪ್ಯೂಟರಿನ ಮುಂದೆ ಕೂತು ಮೈಕಿಗೆ ಬೆರಳಿನಿಂದ ಎರಡು ಸಲ ತಟ್ಟುತ್ತಾರೆ. ಸ್ಪೀಕರು ಸಣ್ಣಗೆ ಟಪ್ ಟಪ್ ಎನ್ನುತ್ತದೆ. ಸರಿ, ಇತಿಹಾಸದ ಪುಸ್ತಕ ತೆರೆದು ಓದಲು ಶುರು.

ಮದುವೆ, ಸಭೆಗಳಿಗೆ ಮೈಕ್‌ಸೆಟ್ ಹಾಕುವುದು ಇವರ ಕಸುಬು. ಮುಂಜಾನೆಯ ಎರಡು ತಾಸು ಮಾತ್ರ ಹನ್ನೊಂದು ವರ್ಷಗಳಿಂದ ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಮೀಸಲು. ದಿನಕ್ಕೆ ಇಪ್ಪತ್ತೈದು ಪುಟ ಓದಿ, ಅದನ್ನು ಕ್ಯಾಸೆಟ್ಟಿಗಿಳಿಸಿ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಾರೆ. ಈವರೆಗೆ ಮೂರು ಸಾವಿರ ಕ್ಯಾಸೆಟ್ ದಾಟಿದೆ, ಓಣಿಯಲ್ಲಿ ಅರ್ಧ ಜನಕ್ಕೆ ಗೊತ್ತೇ ಇಲ್ಲ. "ಮೊದ್ಲು ಒಂದು ಕೆಮ್ಮು ಬಂದ್ರೆ ಇಡೀ ಪುಟ ಮತ್ತ ಓದ್ಬೇಕಿತ್ರಿ. ಕಂಪ್ಯೂಟರ್ ಬಂದ ಮ್ಯಾಲೆ ಕೆಮ್ಮಷ್ಟ ಕತ್ತರಿಸಿ ಒಗಿತೀನಿ" ಎನ್ನುತ್ತಾರೆ.

ಅದೇ ಕಂಪ್ಯೂಟರು ಈ ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಅವರನ್ನು ಬುಗುರಿಯಂತೆ ಆಡಿಸಿಬಿಟ್ಟಿತು. ಕಂಪ್ಯೂಟರ್ ಕ್ಲಾಸ್ ನಡೆಸುವ ವೀರೇಶ್ ಒಂದು ಭಾನುವಾರ ಬಂದು, ಹಳೆಯ ಆಪರೇಟಿಂಗ್ ಸಿಸ್ಟಂ ತೆಗೆದು ಹೊಸದನ್ನು ಹಾಕಿ ಹೋದರು. ಪರದೆ ಫಳಫಳ ಹೊಳೆಯಿತು. ಮಾಲತೇಶಪ್ಪ ಖುಷಿಯಿಂದ ಐದು ಬೆಳಗು ಓದಿ, ಕ್ಯಾಸೆಟ್ಟುಗಳನ್ನು ಹರಿಹರದ ರಶ್ಮಿಗೆ ಕಳಿಸಿದರು. ಹುಟ್ಟಿನಿಂದಲೇ ಕಣ್ಣು ಕಾಣದ ರಶ್ಮಿಗೆ ಬಿ.ಎ. ಕೊನೆಯ ವರ್ಷ. ಪರೀಕ್ಷೆಗೆ ಒಂಬತ್ತೇ ದಿನ ಉಳಿದಿತ್ತು.

ಪಕ್ಕದ ಎಸ್‌ಟಿಡಿ ಬೂತಿಗೆ ಅವಳ ಫೋನು ಬಂತು. "ಕಾಕಾ, ಕ್ಯಾಸೆಟ್ ತಿರುಗ್ತೈತೆ. ನೀವು ಮಾತಾಡವಲ್ರಿ."

ಮೈಕ್‌ಸೆಟ್ಟಿನವರ ರೂಢಿಯೇ ಹಾಗೆ: ಸ್ಪೀಕರಿನಲ್ಲಿ ಕೇಳಿತೆಂದರೆ ಕೆಲಸ ಮುಗಿಯಿತು. ಭಾಷಣವನ್ನು ಯಾರು ತಿರುಗಿ ಹಾಕಿ ಕೇಳುತ್ತಾರೆ? ಕ್ಯಾಸೆಟ್ಟಿಗೆ ಇಳಿಸುವಾಗಲೂ ಇವರು ಸ್ಪೀಕರ್ ಆರಿಸಿ ತಿಂಡಿಗೆ ಏಳುವವರು. ಆ ಐದು ದಿನ ಕತ್ತರಿಸಲು ಒಂದು ಕೆಮ್ಮೂ ಬಂದಿರಲಿಲ್ಲ. ಈಗ ಹಾಕಿ ನೋಡಿದರೆ ಐದು ದಿನದ ಓದಿನಲ್ಲಿ ಒಂದು ಉಸಿರೂ ಇಲ್ಲ.

ಮೈಕ್ ಬದಲಾಯಿಸಿದರು. ವೈರು ಬದಲಾಯಿಸಿದರು. ಪರದೆಯಲ್ಲಿ ಮೈಕಿನ ಗುಂಡಿಯನ್ನು ತುದಿಯವರೆಗೂ ಏರಿಸಿದರೆ ಸ್ಪೀಕರ್ ಕುಂಯ್ ಎಂದು ಕೂಗಿತೇ ಹೊರತು ಒಳಗೆ ಏನೂ ಉಳಿಯಲಿಲ್ಲ. ವೀರೇಶ್ ಬಂದು ಎರಡು ಸಲ ಬಿಚ್ಚಿ ಜೋಡಿಸಿ ಕೈಚೆಲ್ಲಿದರು. "ದನಿ ಹೊರಗ ಬರ್ತೈತೆ, ಒಳಗ ಹೋಗಂಗಿಲ್ಲ. ಇದು ಹೆಂಗೆ ಸಾಧ್ಯ? ನನಗ ತಲೆಬುಡ ತಿಳಿಲಿಲ್ರಿ" ಎಂದು ಮಾಲತೇಶಪ್ಪ ಈಗಲೂ ಕಣ್ಣು ಕಣ್ಣು ಬಿಡುತ್ತಾರೆ. ಪಾಪ, ಎರಡು ದಿನ ಅನ್ನ ಸೇರಲಿಲ್ಲ.

ಮೂರನೆಯ ಬೆಳಗು ಅವರು ದನಿ ಉಳಿಯುತ್ತದೆಯೇ ನೋಡಲೆಂದು ಮತ್ತೆ ಓದುತ್ತಿದ್ದಾಗ ಹೆಂಡತಿ ಹೊನ್ನಕ್ಕ ರೇಡಿಯೋ ಹಚ್ಚಿದರು. ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಏರಿಸಲೆಂದು ಆ ರೇಡಿಯೋ-ಟೇಪನ್ನು ಇನ್ನೊಂದು ತೂತಿಗೆ ವೈರಿನಲ್ಲಿ ಸಿಕ್ಕಿಸಿಟ್ಟಿದ್ದರು. ಮಾಲತೇಶಪ್ಪ ಹೆಂಡತಿಯ ಮೇಲೆ ರೇಗಿ, ರೆಕಾರ್ಡಾದದ್ದನ್ನು ಹಾಕಿದರು. ರೇಡಿಯೋದ ಪೇಟೆ ಧಾರಣೆ ಮಾತ್ರ ಸ್ಪಷ್ಟವಾಗಿ ಕೇಳಿತು.

ಹೊನ್ನಕ್ಕ ಹೇಳಿದರು: "ರೇಡಿಯೋ ಐತೆ, ನೀವ ಇಲ್ಲ. ಅದು ಬ್ಯಾರೆ ಕಡೆ ಕಿವಿ ಕೊಟ್ಟೈತೆ ನೋಡ್ರಿ."

ಹೌದಲ್ಲ! ಕಂಪ್ಯೂಟರಿನಲ್ಲಿ ದನಿ ಕೇಳಿಸುವುದಕ್ಕೆ ಒಂದು ಪಟ್ಟಿ, ಹಿಡಿದಿಡುವುದಕ್ಕೆ ಇನ್ನೊಂದು. ಇಬ್ಬರೂ ಹುಡುಕಿ ಎರಡನೆಯದನ್ನು ತೆರೆದರು. ಹೊಸ ಸಿಸ್ಟಂ ಬಂದಾಗ, ಯಾವುದರ ದನಿ ಹಿಡಿಯಬೇಕೆಂಬ ಅಲ್ಲಿನ ಗುರುತು ಮೈಕ್ ಬಿಟ್ಟು ರೇಡಿಯೋ ವೈರಿನ ಸಾಲಿಗೆ ಹೋಗಿ ಕೂತಿತ್ತು. ಮೈಕಿನ ಮುಂದೆ ಗುರುತು ಹಾಕಿ, ಒಂದು ಸಾಲು ಓದಿ, ತಿರುಗಿ ಕೇಳಿದರು. ದನಿ ಇತ್ತು. ಮಾಲತೇಶಪ್ಪ ಅತ್ತುಬಿಟ್ಟರು.

ನೂರಿಪ್ಪತ್ತೈದು ಪುಟಗಳನ್ನು ಎರಡೂ ಹೊತ್ತು ಕೂತು ಮೂರೇ ದಿನದಲ್ಲಿ ಮತ್ತೆ ಓದಿದರು. ಗಂಟಲು ಬಿದ್ದುಹೋಯಿತು. ಕ್ಯಾಸೆಟ್ಟುಗಳನ್ನು ತಾವೇ ಹರಿಹರಕ್ಕೆ ಒಯ್ದು, ರಶ್ಮಿ ಒಂದೊಂದನ್ನೂ ಹಾಕಿ ಕೇಳುವವರೆಗೆ ಅಲ್ಲಿಂದ ಏಳಲಿಲ್ಲ.

ಪರೀಕ್ಷೆಯಲ್ಲಿ ರಶ್ಮಿ ಬಾಯಲ್ಲಿ ಉತ್ತರ ಹೇಳಿದಳು, ಪಕ್ಕದಲ್ಲಿ ಕೂತವರು ಅವಳ ಪರವಾಗಿ ಬರೆದರು. ಇತಿಹಾಸ ಚೆನ್ನಾಗಿ ಆಗಿದೆಯಂತೆ. ಅದನ್ನು ಹೇಳುವಾಗ ಮಾಲತೇಶಪ್ಪ ಸ್ವಲ್ಪ ನಾಚುತ್ತಾರೆ.

"ನಾನು ಏಳನೇ ಕ್ಲಾಸ್ ಫೇಲ್ ರೀ. ಆಕಿ ಹೇಳಿದ್ದು ನಾ ಓದಿದ್ದನ್ನ. ಒಂದು ಲೆಕ್ಕದಾಗ ಬಿ.ಎ. ಪರೀಕ್ಷೆ ನಾನೂ ಬರದಂಗಾತಲ್ರಿ."