ನಲ್ಲಿ ನೀರು ಸಾಕು ಎಂದಿದ್ದೆ

ಕಾರಿನಲ್ಲಿ ನನ್ನ ಹೆಂಡತಿ ಬಾಯಿ ತೆರೆದರೆ ಸಾಕು, ನನಗೆ ಮೂಗಿನ ತುದಿಯಲ್ಲೇ ಕೋಪ. "ಬ್ರೇಕು", "ಎಡಗಡೆಯಿಂದ ನುಗ್ತಿದಾನೆ ನೋಡಿ", "ಎಕ್ಸಿಟ್ಟು ಹೋಯ್ತು" ಎಂದು ಹೆದ್ದಾರಿಯಲ್ಲಿ ಮೌಂಟನ್ ವ್ಯೂನಿಂದ ಸ್ಯಾನ್ ಮಟಿಯೋ ತಲುಪುವಷ್ಟರಲ್ಲಿ ಇಪ್ಪತ್ತು ಸಲ. ನಮ್ಮ ಕಾರಿಗೆ ಸ್ಟೀರಿಂಗು ಒಂದು, ಡ್ರೈವರು ಇಬ್ಬರು ಎಂದು ಸ್ನೇಹಿತರೆದುರು ಆಡಿಕೊಳ್ಳುತ್ತಿದ್ದೆ. ಆ ಜನವರಿಯಲ್ಲಿ ಮಗಳಿಗೆ ಸ್ಕೀಯಿಂಗ್ ಕಲಿಸಲೆಂದು ಹಿಮದ ಬೆಟ್ಟಗಳಿರುವ ಟಾಹೋ ಕಡೆಗೆ ಹೊರಟಾಗ ಗಾಡಿ ಹತ್ತುವ ಮೊದಲೇ ಷರತ್ತು ಹಾಕಿದೆ: ಬೆಟ್ಟದ ರಸ್ತೆಯಲ್ಲಿ ಒಂದು ಮಾತೂ ಆಡಕೂಡದು. ಅವಳು ತುಟಿ ಬಿಗಿದು ತಲೆಯಾಡಿಸಿದಳು.

ಹಿಂದಿನ ದಿನವೂ ಒಂದು ಮಾತಾಗಿತ್ತು. ಕಾರಿನ ಮುಂದಿನ ಗಾಜು ತೊಳೆಯುವ ನೀರಿನ ಟ್ಯಾಂಕಿಗೆ ಹೆಪ್ಪುಗಟ್ಟದ ನೀಲಿ ದ್ರಾವಣ ಹಾಕಬೇಕಂತೆ, ಆಫೀಸಿನಲ್ಲಿ ಯಾರೋ ಹೇಳಿದರು ಎಂದಿದ್ದಳು. ನಾವಿರುವ ಕಡೆ ಚಳಿಗಾಲವೆಂದರೆ ಒಂದು ಸ್ವೆಟರು, ಅಷ್ಟೆ. ಎಂಟು ವರ್ಷದಿಂದ ಆ ಟ್ಯಾಂಕಿಗೆ ಅಪಾರ್ಟ್‌ಮೆಂಟಿನ ನಲ್ಲಿ ನೀರು ತುಂಬಿಸುತ್ತಾ ಬಂದವನು ನಾನು. ನಲ್ಲಿ ನೀರೇ ಸಾಕು, ಅಂಗಡಿಯವರು ಹೆದರಿಸಿ ಮಾರುತ್ತಾರೆ ಎಂದು ಅವಳ ಬಾಯಿ ಮುಚ್ಚಿಸಿದ್ದೆ.

ಸ್ಯಾಕ್ರಮೆಂಟೊ ದಾಟಿ ಘಾಟಿ ಏರಿದಂತೆ ಮಳೆ ಹೋಗಿ ಹಿಮ ಬೀಳತೊಡಗಿತು. ನಾಲ್ಕೂ ಚಕ್ರ ಎಳೆಯುವ ಗಾಡಿ, ಹೊಸ ಟಯರು, ಭಯವೇನೂ ಇರಲಿಲ್ಲ. ಅಷ್ಟರಲ್ಲಿ ಟ್ರಕ್ಕೊಂದು ಎಡಗಡೆಯಿಂದ ಮುಂದೆ ಹೋಯಿತು. ಹಿಮ ಕರಗಲೆಂದು ರಸ್ತೆಗೆ ಚೆಲ್ಲಿದ್ದ ಉಪ್ಪು, ಮಣ್ಣು ಬೆರೆತು ಅದರ ಚಕ್ರದಿಂದ ಸಿಡಿದ ಹಿಮದ ರಾಡಿ ನಮ್ಮ ಗಾಜಿನ ತುಂಬ ಬಳಿದುಕೊಂಡಿತು. ವೈಪರು ಅದನ್ನು ಇನ್ನಷ್ಟು ಸವರಿತು. ಗಾಜಿಗೆ ನೀರು ಚಿಮ್ಮಿಸುವ ಗುಂಡಿ ಒತ್ತಿದೆ. ಒಳಗೆ ಏನೋ ಗುಂಯ್ ಎಂದಿತೇ ಹೊರತು ಒಂದು ಹನಿಯೂ ಬರಲಿಲ್ಲ. ಟ್ಯಾಂಕಿನ ನೀರೆಲ್ಲ ಗಡ್ಡೆಕಟ್ಟಿತ್ತು. ಎದುರಿಗೆ ಬರೀ ಬೂದು ಬಣ್ಣ, ರಸ್ತೆಯೇ ಇಲ್ಲ.

ನಿಲ್ಲಿಸೋಣವೆಂದರೆ ರಸ್ತೆಯಂಚಿನಲ್ಲಿ ಆಳೆತ್ತರದ ಹಿಮ, ಹಿಂದೆ ಒಂದಕ್ಕೊಂದು ಅಂಟಿಕೊಂಡು ಬರುತ್ತಿದ್ದ ಗಾಡಿಗಳು. ನನ್ನ ಕಡೆಯ ಕಿಟಕಿ ಇಳಿಸಿ ಕತ್ತು ಚಾಚಿದೆ. ಇನ್ನೊಂದು ಟ್ರಕ್ಕಿನ ರಾಡಿ ನೇರ ಕಣ್ಣಿಗೇ ಹೊಡೆಯಿತು. ಹಿಂದಿನ ಸೀಟಿನಿಂದ ಮಗಳು, "ಡ್ಯಾಡಿ, ಆರ್ ವಿ ಓಕೆ?" ಎಂದಳು. ಈ ಮಗುವನ್ನು ನಾನೇ ಕೈಯಾರೆ ಕೊಲ್ಲುತ್ತಿದ್ದೇನೆ ಎನಿಸಿತು.

ಆಗ ಬಲಗಡೆ, ಹೆಂಡತಿಯ ಪಕ್ಕದ ಕಿಟಕಿ ಇಳಿದ ಸದ್ದಾಯಿತು. ಅವಳು ಬೆಲ್ಟಿನಿಂದ ಒಂದು ಭುಜ ಬಿಡಿಸಿಕೊಂಡು ತಲೆಯನ್ನು ಪೂರ್ತಿ ಹೊರಗೆ ಹಾಕಿದ್ದಳು.

"ನೇರ ಇದೆ, ಹೋಗಿ," ಎಂದಳು. "ಸ್ವಲ್ಪ ಎಡಕ್ಕೆ. ಸಾಕು. ಕಂಬ ಬಂತು, ಹಾಗೇ ಹೋಗಿ."

ರಸ್ತೆಯ ಅಂಚು ತಿಳಿಯಲೆಂದು ನೆಟ್ಟ ಕಂಬಗಳನ್ನು ಒಂದೊಂದಾಗಿ ಹೇಳುತ್ತಾ ಹೋದಳು. ದನಿ ಏರಲೂ ಇಲ್ಲ, ನಡುಗಲೂ ಇಲ್ಲ. ಅವಳು ಹೇಳಿದಷ್ಟೇ ತಿರುಗಿಸಿದೆ, ಹೇಳಿದಾಗ ಬ್ರೇಕು ಒತ್ತಿದೆ. ಎರಡು ಮೈಲಿಯೋ ಮೂರೋ, ಅವಳ ಮಾತು ಒಂದು ಕ್ಷಣ ನಿಂತರೂ ನನ್ನ ಉಸಿರು ನಿಲ್ಲುತ್ತಿತ್ತು. ಕೊನೆಗೆ ಎಕ್ಸಿಟ್ಟು ಬಂತು, ಬಲಕ್ಕೆ ಎಂದಳು. ಇಳಿದು ನೋಡಿದರೆ ಪೆಟ್ರೋಲು ಹಾಕುವ ಗ್ಯಾಸ್ ಸ್ಟೇಷನ್ನಿನ ಅಂಗಳದಲ್ಲಿದ್ದೆವು.

ಅವಳ ಹುಬ್ಬಿಗೆ ಹಿಮ ಅಂಟಿತ್ತು, ಕೆನ್ನೆ ಮರಗಟ್ಟಿ ಮಾತು ತೊದಲುತ್ತಿತ್ತು. ಹಿಂದಿನ ದಿನದ ಮಾತನ್ನು ಅವಳು ಎತ್ತಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅಂಗಡಿಯಿಂದ ನೀಲಿ ದ್ರಾವಣದ ಕ್ಯಾನು ತಂದು ಗಾಜಿಗೆ ಸುರಿದು, ಅವಳತ್ತ ನೋಡುವ ಧೈರ್ಯವಿಲ್ಲದೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಜ್ಜಿದೆ.

ಎರಡು ದಿನದ ಮೇಲೆ ವಾಪಸು ಹೊರಟೆವು. ಬೆಟ್ಟ ಇಳಿದು ಬಯಲಿಗೆ ಬಂದಾಗ ಒಳ್ಳೆಯ ಬಿಸಿಲು, ಒಣ ರಸ್ತೆ. ಬೇಕೆಂದೇ ಒಂದೆರಡು ಸಲ ಮುಂದಿನ ಗಾಡಿಯ ಬೆನ್ನಿಗೆ ಹೋದೆ, ಸಿಗ್ನಲ್ ಕೊಡದೆ ಲೇನು ಬದಲಿಸಿದೆ. ಪಕ್ಕದ ಸೀಟಿನಿಂದ ಸದ್ದಿಲ್ಲ. ಗಂಟೆಯ ಮೇಲಾದಾಗ ತಡೆಯಲಾರದೆ, ಏನೂ ಹೇಳುತ್ತಿಲ್ಲವಲ್ಲ ಯಾಕೆ ಎಂದು ಕೇಳಿದೆ.

ಅವಳು ಹೊರಗೆ ನೋಡುತ್ತಲೇ ಇದ್ದಳು.

"ಈಗ ನಿಮಗೇ ಕಾಣಿಸ್ತಿದೆಯಲ್ಲ," ಎಂದಳು.