ಕಾಕುನ ಬಟ್ಟಲದಾಗ ಏಜೆಂಟನ ಎಂಜಲು

ನಮ್ಮ ಕಾಕುನ (ಚಿಕ್ಕಮ್ಮನ) ಮನ್ಯಾಗ ಯಾರರ ತಂಬಿಗಿಗೆ ಬಾಯಿ ಹಚ್ಚಿ ನೀರು ಕುಡಿದ್ರ ಮುಗೀತು. ತಂಬಿಗಿ ತಿಕ್ಕಿ ತೊಳೀತಾರ, ಜೊತಿಗೆ ನಮ್ಮನ್ನೂ ತೊಳೀತಾರ.

ಅಂಥಾ ಕಾಕು, ಹೋದ ಐತವಾರ ನಾ ಹಿಮಾಯತ್‌ನಗರಕ್ಕ ಅವರ ಮನಿಗೆ ಹೋದಾಗ, ಮನಿಮನಿಗೆ ಔಷಧದ ರಸ ಮಾರೋ, ಟೈ ಕಟ್ಟಿದ ಏಜೆಂಟ್ ಒಬ್ಬ ಅವರ ಸ್ಟೀಲ್ ಬಟ್ಟಲದಾಗ ಉಗುಳೋದನ್ನ ಭಕ್ತೀಲೆ ನೋಡಾಕತ್ತಿದ್ರು!

ಡೆಮೊ ಅಂತ್ರಿ. ಎರಡು ಬಟ್ಟಲ ಗಟ್ಟಿ ಅಕ್ಕಿ ಗಂಜಿ. ಎರಡಕ್ಕೂ ಎಂಜಲು. ಒಂದಕ್ಕ ಮಾತ್ರ ಬಾಟಲಿ ಒಳಗಿನ ನೇರಳೆ ಬಣ್ಣದ ರಸ, ಗುಡ್ಡದ ಕಾಡುಹಣ್ಣಿಂದಂತ. ಚಹಾ ಕುಡಿಯೋದ್ರಾಗ ಬರೀ ಎಂಜಲಿನ ಗಂಜಿ ನೀರಾತು, ರಸ ಹಾಕಿದ್ದು ಗಟ್ಟಿ ಉಳೀತು.

"ನೋಡ್ರಿ ಅಮ್ಮಾ, ಗಂಜಿ ಸಕ್ಕರಿ ಆಗಲಿಲ್ಲ. ನಿಮ್ಮ ಹೊಟ್ಯಾಗೂ ಹಿಂಗ."

(ರಾಯಚೂರಿನಾಂವ, ಈ ಪರಭಾಷಾ ಊರಾಗ ನಮ್ಮ ಭಾಷಾ ಮಾತಾಡ್ತಾನ. ಕಾಕುಗ ಅಷ್ಟ ಸಾಕು ಭರೋಸಾಕ್ಕ.)

ಕಾಕುಗ ಶುಗರ್ ಐತಿ. ಹಿಂದ ಇವನ ಕಡೆ ಈ ರಸದ ಬಾಟಲಿ ತಗೊಂಡ ಮ್ಯಾಲೆ ಶುಗರ್ ಗುಳಿಗಿ ಬಿಟ್ಟಾರ ಅಂತ ನನಗ ತಿಳಿದದ್ದು ಅವತ್ತ.

ಸಿಟ್ಟು ಯಾಕ ಬಂತು ಗೊತ್ತೇನ್ರಿ? ಅಂವ ಹೇಳಿದ್ರಾಗ ಅರ್ಧ ಖರೆ ಐತಿ! (ನಾ ಡಾಕ್ಟರ್ ಅಲ್ಲ, ಬಿ.ಕಾಂ. ಅಬಿಡ್ಸ್ ಫುಟ್‌ಪಾತಿನ ಮ್ಯಾಲ ಮಾರೋ ಹಳೇ ಸೈನ್ಸ್ ಪುಸ್ತಕ ಓದೋ ಹುಚ್ಚು ನನಗ.) ಅನ್ನದ ಪಿಷ್ಟ ಒಡೆದು ಸಕ್ಕರಿ ಮಾಡೋದು ಎಂಜೈಮ್. ಎಂಜಲದಾಗೂ ಅದು ಐತಿ. ಕಾಡುಹಣ್ಣಿನ ನೇರಳೆ ಬಣ್ಣ ಅದರ ಕೆಲಸ ತಡೀತೈತಿ ಅಂತ ಲ್ಯಾಬ್‌ನಾಗ ನೋಡ್ಯಾರ. ಎಷ್ಟು ಚಂದದ ವಿಷಯ! ಅದನ್ನ ಹಿಡಕೊಂಡು ಒಬ್ಬರ ಗುಳಿಗಿ ಬಿಡಿಸೋದಾ?

ಸೀದಾ ಅಡುಗಿಮನಿಗೆ ಹೋದೆ. ಸಾರಿಗೆ ಕಿವುಚಿಟ್ಟ ಹುಣಸೆಹುಳಿ ಇತ್ತು. ಮೂರನೇ ಬಟ್ಟಲದ ಗಂಜಿಗೆ ಆ ಹುಳಿ ಸುರುವಿ, ನಾನ ಉಗುಳಿದೆ. (ಕಾಕುನ ಮಾರಿ ನೋಡಬೇಕಿತ್ತು.) ಕಾದ್ವಿ. ಅದೂ ಗಟ್ಟಿ ಉಳೀತು! ಭಾಳ ಹುಳಿ ಬಿದ್ರ ಎಂಜಲದ ಎಂಜೈಮ್ ಸುಮ್ನ ಕೂಡತೈತಿ. ನಾಲಿಗಿಗೆ ಹಚ್ಚಿ ನೋಡಿದೆ, ಅವನ ರಸಾನೂ ಹುಳೀನ. ಬಣ್ಣದ ಮಹಿಮಾ ಅಂತ ಹೆಂಗ ಹೇಳೋದು?

ಕಾಕು ವಿಚಾರ ಮಾಡಿ, "ಹಂಗಾರ ದಿನಾ ಸಾರು ಉಂಡ್ರ ಸಾಕಲ್ಲೋ? ಗುಳಿಗಿ ಯಾಕ?" ಅಂದ್ರು.

ನಾ ತಲಿ ಹಿಡಕೊಂಡೆ. "ಕಾಕು, ಬಟ್ಟಲ ಅಂದ್ರ ಹೊಟ್ಟಿ ಅಲ್ಲರಿ."

ಅಷ್ಟರಾಗ ಏಜೆಂಟ್ ಬ್ಯಾಗ್ ಎತ್ತಿಕೊಂಡ. ಗುಳಿಗಿ ಬಿಡ್ರಿ ಅಂತ ತಾನು ಅಂದೇ ಇಲ್ಲಂತ.

ಕಾಕು ಎದ್ದು ನಿಂತ್ರು. "ಮತ್ತ ಇದ ಬಾಗಲದಾಗ ನಿಂತು, ಗುಳಿಗಿನ ವಿಷ ಅಮ್ಮಾ ಅಂದಾಂವ ಯಾರಪಾ?"

ಅಂವ ಲಿಫ್ಟಿಗೂ ಕಾಯಲಿಲ್ಲ, ಮೆಟ್ಟಲ ಇಳದ ಹೋದ.

ಮರುದಿನ ಡಾಕ್ಟರ್ ಕಡೆ ಕರಕೊಂಡು ಹೋಗು ಅಂತ ನನಗ ಹೇಳಿ, ಕಾಕು ಮೂರೂ ಬಟ್ಟಲ ತಿಕ್ಕಾಕ ಕುಂತ್ರು. ಎಂಜಲು ತೊಳದ್ರ ಹೋಗತೈತಿ. ಅಂವ ಇನ್ನೆಷ್ಟು ಬಾಗಲದಾಗ ಆ ಮಾತು ಉಗುಳಿ ಹೋಗ್ಯಾನೋ, ಅದನ್ನ ತೊಳಿಯೋರು ಯಾರ್ರಿ?